ಚೈತ್ರದ ಅಡುಗೆ: ಒಲೆ ಮುಂದೆ ಅರ್ಧ ಗಂಟೆ ಸಾಕು, ಉಪ್ಪು ಹಾಕುವ ಹೊತ್ತು ಮಾತ್ರ ತಪ್ಪಬಾರದು

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ. ನಾವಿಬ್ಬರೂ ಬೆಳಿಗ್ಗೆ 8ಕ್ಕೆ ಮನೆ ಬಿಡಬೇಕು. ಮಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಮಾವನವರಿಗೆ ಬಿಪಿ. ಬಿಸಿಲು ಏರುತ್ತಿದ್ದ ಹಾಗೆ ಯಾರಿಗೂ ಸಾಂಬಾರು ಸೇರುತ್ತಿಲ್ಲ, ಹಗುರವಾಗಿ ಏನಾದರೂ ಮಾಡು ಅನ್ನುತ್ತಾರೆ. ಕೋಸಂಬರಿ ಮಾಡಿದರೆ ಮಧ್ಯಾಹ್ನದ ಹೊತ್ತಿಗೆ ಡಬ್ಬಿ ತುಂಬ ನೀರು. ತಂಬುಳಿ ಎರಡು ಸಲ ಒಡೆದುಹೋಯಿತು. ಕಾಯಿ ಹಾಕಿದ ಚಿತ್ರಾನ್ನ ಮಧ್ಯಾಹ್ನ ಒಂದು ಗಂಟೆಗೇ ಹಳಸಿದ ವಾಸನೆ ಬಂತು. ಅರ್ಧ ಗಂಟೆಯಲ್ಲಿ ಆಗುವ, ಈ ಕಾಲಕ್ಕೆ ಒಗ್ಗುವ ಅಡುಗೆ ಮತ್ತು ನಾನು ಎಲ್ಲಿ ತಪ್ಪುತ್ತಿದ್ದೇನೆ ಎಂಬುದನ್ನು ತಿಳಿಸಿ.

ಉತ್ತರ: ನೀವು ಆರಿಸಿಕೊಂಡ ಅಡುಗೆಗಳು ಸರಿಯಾಗಿಯೇ ಇವೆ. ಶಿವರಾತ್ರಿಯಿಂದ ರಾಮನವಮಿಯವರೆಗೆ ನಮ್ಮ ಕಡೆಯ ಮನೆಗಳಲ್ಲಿ ನಡೆಯುವುದೇ ಇವು. ಎಡವಟ್ಟಾಗಿರುವುದು ಯಾವುದರ ಹಿಂದೆ ಯಾವುದು ಎಂಬಲ್ಲಿ. ಸಾಂಬಾರಿನಲ್ಲಿ ಉಪ್ಪು ಮೊದಲೇ ಬಿದ್ದರೂ ನಡೆಯುತ್ತದೆ, ಹತ್ತು ನಿಮಿಷ ಹೆಚ್ಚು ಕುದಿದರೂ ನಡೆಯುತ್ತದೆ. ಕೋಸಂಬರಿ, ತಂಬುಳಿ, ಮಾವಿನಕಾಯಿಯ ಅಪ್ಪೆಹುಳಿಗಳಿಗೆ ಅಂಥ ಸಲಿಗೆ ಇಲ್ಲ. ಕುದಿಸದ ಅಡುಗೆಯಲ್ಲಿ ಮಾಡಿದ ತಪ್ಪನ್ನು ಕುದಿಸಿ ಮುಚ್ಚಲು ಬರುವುದಿಲ್ಲ.

ಮುಂದೆ ಹೇಳುವ ಅಳತೆಗಳೆಲ್ಲ ನಾಲ್ಕು ಜನಕ್ಕೆ. ಕಪ್ ಎಂದರೆ 200 ಮಿಲಿ ಹಿಡಿಯುವ ಲೋಟ, ಚಮಚ ಎಂದರೆ ಟೀ ಚಮಚ.

ಕೋಸಂಬರಿ ನೀರಾಗುವುದು ಏಕೆ

ಸೌತೆಕಾಯಿಯ ತೂಕದಲ್ಲಿ ನೂರಕ್ಕೆ 95 ಪಾಲಿನಷ್ಟು ನೀರು. ಹೆಚ್ಚಿದ ಹೋಳಿಗೆ ಉಪ್ಪು ತಾಕಿತೆಂದರೆ ಹತ್ತೇ ನಿಮಿಷದಲ್ಲಿ ಒಳಗಿನ ನೀರು ಹೊರಗೆ ಇಳಿಯಲು ಶುರುವಾಗುತ್ತದೆ. ಬೆಳಿಗ್ಗೆ 7ಕ್ಕೆ ಉಪ್ಪು, ನಿಂಬೆಹಣ್ಣು ಎಲ್ಲ ಕಲಸಿ ಡಬ್ಬಿಗೆ ಹಾಕಿದರೆ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಬೇಳೆ ತೇಲುತ್ತಿರುತ್ತದೆ. ಇದಕ್ಕೆ ಮದ್ದು ಒಂದೇ: ಉಪ್ಪನ್ನು ತಿನ್ನುವ ಹೊತ್ತಿಗೆ ಹಾಕುವುದು. ಒಂದು ಚಿಟಿಕೆ ಉಪ್ಪನ್ನು ಕಾಗದದಲ್ಲಿ ಮಡಿಸಿ, ಕಾಲು ಹೋಳು ನಿಂಬೆಹಣ್ಣಿನ ಜೊತೆ ಡಬ್ಬಿಯ ಮೇಲಿನ ತಟ್ಟೆಯಲ್ಲಿಟ್ಟು ಕಳಿಸಿ. ಮಗ ಗೊಣಗಬಹುದು, ಆದರೆ ತಿನ್ನುತ್ತಾನೆ.

ಅರ್ಧ ಕಪ್ ಹೆಸರುಬೇಳೆಯನ್ನು ಎರಡು ಮೂರು ನೀರಿನಲ್ಲಿ ತೊಳೆದು 40ರಿಂದ 50 ನಿಮಿಷ ನೆನೆಸಿ. ಉಗುರಿನಿಂದ ಚಿವುಟಿದರೆ ಬೇಳೆ ತುಂಡಾಗಬೇಕು, ಹಲ್ಲಿಗೆ ಸ್ವಲ್ಪ ಕಟುಕ್ ಎನ್ನಬೇಕು. ಅದೇ ಹದ. ರಾತ್ರಿಯಿಡೀ ಹೊರಗೆ ನೆನೆಯಲು ಬಿಟ್ಟರೆ ಈ ಸೆಕೆಗೆ ಬೇಳೆ ಮೆತ್ತಗಾಗಿ ನೊರೆ ಕಟ್ಟಿ, ಬೆಳಗ್ಗೆ ಹುಳಿ ವಾಸನೆ ಹೊಡೆಯುತ್ತದೆ. ಬೆಳಿಗ್ಗೆ ಕಾಯಲು ಹೊತ್ತಿಲ್ಲದಿದ್ದರೆ ರಾತ್ರಿ 45 ನಿಮಿಷ ನೆನೆಸಿ, ನೀರು ಬಸಿದು, ಒಣಬಟ್ಟೆಯ ಮೇಲೆ ಹರವಿ, ತೇವ ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಬಸಿಯುವ ಕೆಲಸದಲ್ಲಿ ಅವಸರ ಮಾಡುವವರೇ ಹೆಚ್ಚು. ಬೇಳೆಗೆ ಅಂಟಿದ ನೀರೂ ಕೊನೆಗೆ ಕೋಸಂಬರಿಯಲ್ಲೇ ಉಳಿಯುತ್ತದೆ.

ಇದಕ್ಕೆ ಒಂದು ದೊಡ್ಡ ಎಳೆ ಸೌತೆಕಾಯಿ. ಹೆಚ್ಚುವ ಮೊದಲು ತೊಟ್ಟಿನ ಕಡೆಯಿಂದ ಒಂದು ಬಿಲ್ಲೆ ಕೊಯ್ದು ಬಾಯಿಗೆ ಹಾಕಿಕೊಳ್ಳಿ. ಕಹಿ ಹೆಚ್ಚಾಗಿ ಸೇರಿಕೊಳ್ಳುವುದು ತೊಟ್ಟಿನ ಬದಿಗೆ ಮತ್ತು ಸಿಪ್ಪೆಯ ಕೆಳಗೆ. ಆ ತುದಿಯಲ್ಲಿ ಮಾತ್ರ ಕಹಿಯಿದ್ದರೆ ಎರಡು ಬೆರಳು ಉದ್ದ ಕತ್ತರಿಸಿ ಉಳಿದದ್ದನ್ನು ಮತ್ತೆ ನೋಡಿ. ಇಡೀ ಕಾಯಿ ಕಹಿಯಾಗಿದ್ದರೆ ಎಸೆದುಬಿಡಿ. ಕಹಿ ಸೌತೆ ತಿಂದು ಹೊಟ್ಟೆ ಕೆಡಿಸಿಕೊಳ್ಳುವಷ್ಟು ಅದು ದುಬಾರಿ ಕಾಯಿಯಲ್ಲ. ಬೀಜ ಬಲಿತಿದ್ದರೆ ಚಮಚದಿಂದ ಗೀರಿ ತೆಗೆಯಿರಿ, ನೀರು ಜಾಸ್ತಿ ಇರುವುದು ಆ ಭಾಗದಲ್ಲೇ. ತುರಿಯಬೇಡಿ, ಕೊಚ್ಚಿ.

ತುರಿದ ಮಾವಿನಕಾಯಿ 2 ದೊಡ್ಡ ಚಮಚ, ಕೊತ್ತಂಬರಿ ಸೊಪ್ಪು, ಒಂದು ಹಸಿಮೆಣಸಿನಕಾಯಿ. ಒಗ್ಗರಣೆಗೆ ಒಂದು ಚಮಚ ಎಣ್ಣೆ, ಸಾಸಿವೆ, ಇಂಗು. ಬಿಸಿ ಒಗ್ಗರಣೆಯನ್ನು ಬೇಳೆಯ ಮೇಲೆ ಹಾಕಿ ಕಲಸಿ, ಸೌತೆ ಆಮೇಲೆ ಬರಲಿ. ಕಾಯಿತುರಿ ಮನೆಯಲ್ಲಿ ತಿನ್ನುವ ಪಾಲಿಗೆ ಮಾತ್ರ. ಹಸಿಬೇಳೆ ತಿಂದು ಹೊಟ್ಟೆ ಉಬ್ಬರಿಸುವವರಿದ್ದರೆ ನೆನೆದ ಬೇಳೆಯನ್ನು ಇಡ್ಲಿ ತಟ್ಟೆಯಲ್ಲಿ ಬಟ್ಟೆ ಹಾಸಿ 4 ನಿಮಿಷ ಹಬೆಯಲ್ಲಿಡಿ. ಆಕಾರ ಕೆಡದೆ ಬೇಯುತ್ತದೆ.

ಮೊಳಕೆ ಹೆಸರುಕಾಳು ಹಾಕುವವರಿಗೂ ಇದೇ ಮಾತು. ಮೊಳಕೆ ಬರುವ ತೇವ ಮತ್ತು ಸೆಕೆ ರೋಗಾಣುಗಳಿಗೂ ಹಿತವೇ. ಹಸಿಯಾಗಿ ಡಬ್ಬಿಗೆ ಕಳಿಸಬೇಡಿ, ಹಬೆ ಕಾಣಿಸಿ ಕಳಿಸಿ. ಕೈಗೆ ಲೋಳೆ ಹತ್ತಿದರೆ ತೊಳೆದು ಬಳಸುವ ಯೋಚನೆ ಬೇಡ.

ತಂಬುಳಿ ಒಡೆದದ್ದು

ಎರಡು ಸಲವೂ ನೀವು ಬಾಡಿಸಿದ ಸೊಪ್ಪನ್ನು ಬಿಸಿ ಇರುವಾಗಲೇ ರುಬ್ಬಿ ಮೊಸರಿಗೆ ಸೇರಿಸಿರಬೇಕು, ಇಲ್ಲವೇ ಊಟದ ಹೊತ್ತಿಗೆ ತಣ್ಣಗಾಗಿದೆಯೆಂದು ಮತ್ತೆ ಒಲೆ ಮೇಲಿಟ್ಟಿರಬೇಕು. ಹುಳಿ ಇರುವ ಮೊಸರಿಗೆ ಬಿಸಿ ತಾಕಿದರೆ ಅದರ ಪ್ರೋಟೀನು ಗಂಟುಕಟ್ಟಿ ನೀರು ಬೇರೆಯಾಗುತ್ತದೆ. ತಂಬುಳಿಯನ್ನು ಕಾಯಿಸುವ ಪದ್ಧತಿಯೇ ಇಲ್ಲ.

ದೊಡ್ಡಪತ್ರೆ ಕುಂಡದಲ್ಲಿದ್ದರೆ 12ರಿಂದ 15 ಎಲೆ ಸಾಕು. ಒಂದು ಚಮಚ ತುಪ್ಪದಲ್ಲಿ ಒಂದು ಚಮಚ ಜೀರಿಗೆ, ಆರು ಕಾಳುಮೆಣಸು ಹಾಕಿ. ಜೀರಿಗೆ ಸಿಡಿದ ಮೇಲೆ ಎಲೆ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಬಾಡಿಸಿ. ದಪ್ಪ ಎಲೆ ಮುದುರಿ, ಹೊಳಪು ಹೋಗಿ, ಹಸುರು ಸ್ವಲ್ಪ ಮಂಕಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಕಡಿಮೆ ಬಾಡಿದರೆ ಹಸಿ ಘಾಟು, ಹೆಚ್ಚು ಬಾಡಿದರೆ ಎಲೆಯ ಸುವಾಸನೆಯೇ ಹೋಗುತ್ತದೆ. ತಟ್ಟೆಗೆ ಸುರಿದು ಹತ್ತು ನಿಮಿಷ ಆರಲು ಬಿಡಿ. ಆಮೇಲೆ ಕಾಲು ಕಪ್ ಕಾಯಿತುರಿ, ಸ್ವಲ್ಪ ನೀರು ಸೇರಿಸಿ ನುಣ್ಣಗೆ ರುಬ್ಬಿ, ಒಂದೂವರೆ ಕಪ್ ಕಡೆದ ಮಜ್ಜಿಗೆಗೆ ಬೆರೆಸಿ. ಉಪ್ಪು ಕೊನೆಗೆ. ಎಲೆ 30 ಹಾಕಿದರೆ ಎರಡು ಪಟ್ಟು ಒಳ್ಳೆಯದು ಎಂದುಕೊಳ್ಳಬೇಡಿ, ಬಾಯಿ ಚುರುಗುಟ್ಟುತ್ತದೆ ಅಷ್ಟೆ.

ಇನ್ನೊಂದು ಸೂಕ್ಷ್ಮ. ಫ್ರೀಜರಿನಿಂದ ತೆಗೆದ ಕಾಯಿತುರಿಯನ್ನು ತಣ್ಣೀರು ಹಾಕಿ ನೇರ ಮಿಕ್ಸಿಗೆ ಹಾಕಿದರೆ ತಂಬುಳಿಯ ಮೇಲೆ ಬಿಳಿ ಹರಳಿನಂಥ ಜಿಡ್ಡು ತೇಲುತ್ತದೆ. ನೋಡಿದವರು ಇದನ್ನೂ ಒಡೆದದ್ದೆಂದೇ ತಿಳಿಯುತ್ತಾರೆ. ಒಡೆದಿರುವುದಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನ ಎಣ್ಣೆ ಹೆಪ್ಪುಗಟ್ಟುವುದರಿಂದ ತುರಿಯಲ್ಲಿರುವ ಎಣ್ಣೆ ಕಾಳು ಕಾಳಾಗುತ್ತದೆ. ರುಬ್ಬುವ ಮುಂಚೆ ತುರಿಗೆ ಅರ್ಧ ಲೋಟ ಉಗುರುಬೆಚ್ಚಗಿನ ನೀರು ಹಾಕಿ ಐದು ನಿಮಿಷ ಬಿಟ್ಟರೆ ಆಯಿತು.

ಒಂದೆಲಗ ಸಿಕ್ಕರೆ ಬಾಡಿಸುವ ಕೆಲಸವೂ ಇಲ್ಲ, ಹಸಿಯಾಗಿಯೇ ರುಬ್ಬಬಹುದು. ಆದರೆ ಅದು ನೀರು ನಿಲ್ಲುವ ಜಾಗದಲ್ಲಿ ಬೆಳೆಯುವ ಸೊಪ್ಪಾದ್ದರಿಂದ ಬುಡದ ಮಣ್ಣು ಹೋಗುವಂತೆ ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಸೊಪ್ಪೇ ಇಲ್ಲದ ದಿನ ಅರ್ಧ ಚಮಚ ಮೆಂತ್ಯವನ್ನು ತುಪ್ಪದಲ್ಲಿ ಹೊಂಬಣ್ಣಕ್ಕೆ ಹುರಿದು ಅದರಿಂದಲೇ ತಂಬುಳಿ ಮಾಡಿ. ಕಂದು ತಿರುಗಿತೋ, ಕಹಿ ಬಿಡದು.

ಮಜ್ಜಿಗೆಹುಳಿಗೆ ಮಾತ್ರ ಬಿಸಿ ಬೇಕು, ಅದೂ ಅಂಚಿನವರೆಗೆ. ಎರಡು ಕಪ್ ಸೌತೆ ಅಥವಾ ಬೂದುಗುಂಬಳದ ಹೋಳನ್ನು ಮುಳುಗುವಷ್ಟು ನೀರಿನಲ್ಲಿ ಬೇಯಿಸಿ. ನೆನೆದ ಒಂದೂವರೆ ದೊಡ್ಡ ಚಮಚ ಕಡಲೆಬೇಳೆ, ಮೂರು ಹಸಿಮೆಣಸು, ಶುಂಠಿ ಚೂರು, ಜೀರಿಗೆ, ಅರ್ಧ ಕಪ್ ಕಾಯಿ ರುಬ್ಬಿ ಹಾಕಿ ಐದು ನಿಮಿಷ ಕುದಿಸಿ. ಉರಿ ಸಣ್ಣ ಮಾಡಿ, ಹುಳಿಯಿಲ್ಲದ ಒಂದೂವರೆ ಕಪ್ ಮೊಸರನ್ನು ಕಡೆದು ಸುರಿದು ಒಂದೇ ದಿಕ್ಕಿಗೆ ಕೈಯಾಡಿಸಿ. ಪಾತ್ರೆಯ ಅಂಚಿನಲ್ಲಿ ಮೊದಲ ಗುಳ್ಳೆ ಕಂಡ ತಕ್ಷಣ ಇಳಿಸಿ. ಕಡಲೆಬೇಳೆಯ ಹಿಟ್ಟಿನಂಶ ಮೊಸರು ಒಡೆಯದಂತೆ ಹಿಡಿದಿಡುತ್ತದೆ. ಮಂದ ಬರಲಿ ಎಂದು ಮಾತ್ರ ಅದನ್ನು ಹಾಕುವುದಲ್ಲ.

ಮಾವಿನಕಾಯಿ

ಮಾರುಕಟ್ಟೆಗೆ ಬಂದ ಮಾವಿನಕಾಯಿ ಎಲ್ಲವೂ ಒಂದೇ ಹುಳಿಯಲ್ಲ. ಗಿಣಿಮೂತಿ ಮಾವು, ಅಂದರೆ ತೋತಾಪುರಿ, ಹುಳಿ ಕಡಿಮೆ. ನಾಟಿ ಕಾಯಿ ಹಲ್ಲು ಚುಳ್ಳೆನ್ನಿಸುತ್ತದೆ. ಅಳತೆ ಕೊಟ್ಟ ಪಾಕವಿಧಾನಗಳು ಕೈಕೊಡುವುದೇ ಇಲ್ಲಿ. ಮೊದಲು ಒಂದು ಚೂರು ತಿಂದು ನೋಡಿ: ಒಂದೂವರೆ ಕಪ್ ಅಕ್ಕಿಯ ಚಿತ್ರಾನ್ನಕ್ಕೆ ಗಿಣಿಮೂತಿಯಾದರೆ ಒಂದು ಕಪ್ ತುರಿ, ನಾಟಿಯಾದರೆ ಅರ್ಧ ಕಪ್.

ಸೊನೆಯ ಬಗ್ಗೆಯೂ ಒಂದು ಮಾತು. ತೊಟ್ಟು ಮುರಿದ ಕಾಯಿಯನ್ನು ತಲೆಕೆಳಗಾಗಿ ಹತ್ತು ನಿಮಿಷ ನಿಲ್ಲಿಸಿ, ತೊಟ್ಟಿನ ಜಾಗವನ್ನು ತುಸು ಕೊಯ್ದು ತೊಳೆಯಿರಿ. ಆ ಸೊನೆ ತುಟಿಗೆ ತಾಗಿದರೆ ಕೆಲವರಿಗೆ ಗುಳ್ಳೆ ಏಳುತ್ತದೆ, ಪರೀಕ್ಷೆ ದಿನ ಅದು ಬೇಡ.

ಡಬ್ಬಿಗೆ ಹೋಗುವ ಚಿತ್ರಾನ್ನಕ್ಕೆ ಹಸಿ ತೆಂಗಿನಕಾಯಿ ಬೇಡ. ನಿಮ್ಮ ಚಿತ್ರಾನ್ನ ಹಳಸಿದ್ದು ಅದರಿಂದಲೇ. ಹಸಿ ತೆಂಗಿನತುರಿಯಲ್ಲಿ ತೇವವೂ ಇದೆ, ಸಿಹಿಯೂ ಇದೆ. ಬಿಸಿ ಅನ್ನದ ಜೊತೆ ಮುಚ್ಚಳ ಬಿಗಿದು ಐದು ಗಂಟೆ ಬ್ಯಾಗಿನಲ್ಲಿಟ್ಟರೆ ಕೆಡದೆ ಇನ್ನೇನು. ಕಾಯಿಯ ಬದಲು 3 ದೊಡ್ಡ ಚಮಚ ಕಡಲೆಕಾಯಿ ಬೀಜ ಹಾಕಿ. ಸೋನಾ ಮಸೂರಿಗೆ ಕುಕ್ಕರಿನಲ್ಲಿ ಒಂದಕ್ಕೆ ಎರಡರಷ್ಟು ನೀರಿನ ಬದಲು ಒಂದೂಮುಕ್ಕಾಲು ಇಡಿ. ಅನ್ನ ಆದ ತಕ್ಷಣ ಅಗಲ ತಟ್ಟೆಗೆ ಹರವಿ. ಕುಕ್ಕರಿನಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಮುದ್ದೆಯಾಗುತ್ತದೆ.

ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಮೊದಲು ಕಡಲೆಬೀಜ ಹುರಿದು ತೆಗೆದಿಡಿ. ಅದೇ ಎಣ್ಣೆಗೆ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಸೀಳಿದ ನಾಲ್ಕು ಹಸಿಮೆಣಸು, ಕರಿಬೇವು, ಇಂಗು, ಕಾಲು ಚಮಚ ಅರಿಶಿನ. ಒಲೆ ಆರಿಸಿ. ಹೌದು, ಆರಿಸಿದ ಮೇಲೆಯೇ ಮಾವಿನ ತುರಿ ಮತ್ತು ಉಪ್ಪು. ಬಾಣಲೆಯ ಬಿಸಿಯಲ್ಲೇ ತುರಿ ಒಂದು ನಿಮಿಷದಲ್ಲಿ ಎಷ್ಟು ಬೇಕೋ ಅಷ್ಟು ಬಾಡುತ್ತದೆ. ಉರಿಯಲ್ಲಿ ಬೇಯಿಸಿದರೆ ಗೊಜ್ಜಾಗಿ ಅನ್ನಕ್ಕೆ ಅಂಟುತ್ತದೆ, ಎಳೆ ಎಳೆಯಾಗಿ ಬಾಯಿಗೆ ಸಿಗುವುದಿಲ್ಲ. ಹಬೆ ಪೂರ್ತಿ ಹೋದ ಅನ್ನಕ್ಕೆ ಕಲಸಿ ಡಬ್ಬಿಗೆ ತುಂಬಿ. ಬಿಸಿಬಿಸಿಯಾಗಿ ತುಂಬಿದರೆ ಮುಚ್ಚಳದಲ್ಲಿ ಹಬೆ ನೀರಾಗಿ ಅನ್ನದ ಮೇಲೇ ತೊಟ್ಟಿಕ್ಕುತ್ತದೆ. ಹಾಗೆಂದು ಹಿಂದಿನ ರಾತ್ರಿಯ, ಹೊರಗೇ ಉಳಿದ ಅನ್ನ ಮಾತ್ರ ಬಳಸಬೇಡಿ. ಅನ್ನದಲ್ಲಿ ಉಳಿಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಮಾರ್ಚಿನ ಬೆಂಗಳೂರಿನಲ್ಲಿ ಮಧ್ಯಾಹ್ನ 32–34 ಡಿಗ್ರಿ ಸಾಮಾನ್ಯ. ರಾಯಚೂರು, ಕಲಬುರಗಿ ಕಡೆ ಏಪ್ರಿಲಿಗೆ 40 ಮುಟ್ಟುತ್ತದೆ, ಅಲ್ಲಿಯವರು ಇನ್ನೂ ಜಾಗ್ರತೆ.

ಮೊಸರನ್ನದ ಡಬ್ಬಿಗೆ ಹಳೆಯ ಉಪಾಯವೇ ಒಳ್ಳೆಯದು. ಮೆತ್ತಗೆ ಮಾಡಿದ ಒಂದು ಕಪ್ ಅನ್ನವನ್ನು ಬಿಸಿಯಲ್ಲೇ ಮಸೆದು, ಕಾಯಿಸಿ ಆರಿಸಿದ ಒಂದು ಕಪ್ ಹಾಲು ಬೆರೆಸಿ. ಬೆರಳಿಟ್ಟರೆ ಹಿತವಾದ ಬೆಚ್ಚಗಿದ್ದಾಗ ಒಂದು ದೊಡ್ಡ ಚಮಚ ಮೊಸರು ಹಾಕಿ ಕಲಕಿ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಡಬ್ಬಿಯಲ್ಲೇ ಹೆಪ್ಪಾಗಿ, ಸಿಹಿಮೊಸರಿನ ಅನ್ನವಾಗಿರುತ್ತದೆ. ಬೆಳಿಗ್ಗೆಯೇ ಮೊಸರು ಸುರಿದು ಕಳಿಸಿದರೆ ಹುಳಿಯೆದ್ದಿರುತ್ತದೆ.

ಇನ್ನು ಸಂಜೆಗೆ ಅಪ್ಪೆಹುಳಿ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರದ ಕಡೆ ಇದನ್ನು ಅನ್ನಕ್ಕೂ ಹಾಕಿಕೊಳ್ಳುತ್ತಾರೆ, ಲೋಟಕ್ಕೆ ಬಗ್ಗಿಸಿ ಕುಡಿಯುತ್ತಾರೆ. ಮಧ್ಯಮ ಗಾತ್ರದ ಒಂದು ಹುಳಿ ಮಾವಿನಕಾಯಿಯನ್ನು ಸಿಪ್ಪೆ ಸಮೇತ ಎರಡು ಕಪ್ ನೀರಿನಲ್ಲಿ 8ರಿಂದ 10 ನಿಮಿಷ ಬೇಯಿಸಿ. ಸಿಪ್ಪೆಯ ಹಸುರು ಹಳದಿಗೆ ತಿರುಗಿ, ಒತ್ತಿದರೆ ಬೆರಳು ಇಳಿಯಬೇಕು. ಆರಿದ ಮೇಲೆ ಕಿವುಚಿ ಸಿಪ್ಪೆ, ಗೊರಟು ತೆಗೆದು, ಬೆಂದ ನೀರಿಗೆ ಇನ್ನೂ ಮೂರು ಕಪ್ ತಣ್ಣೀರು ಸೇರಿಸಿ. ಒಂದು ಚಮಚ ಉಪ್ಪು, ಒಂದು ಚಿಕ್ಕ ಚೂರು ಬೆಲ್ಲ, ಸೀಳಿದ ಎರಡು ಹಸಿಮೆಣಸು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಧಾರಾಳ ಇಂಗಿನ ಒಗ್ಗರಣೆ ಕೊಟ್ಟು ತಟ್ಟನೆ ಮುಚ್ಚಿಡಿ, ಇಂಗಿನ ಗಮ ಹೊರಗೆ ಹೋಗಬಾರದು. ಸಾರಿನಂತೆ ಕುದಿಸಿದರೆ ಮಾವಿನ ವಾಸನೆ ಸತ್ತು ಬರೀ ಹುಳಿ ಉಳಿಯುತ್ತದೆ.

ಹಗುರ ಎಂದರೆ ಹಸಿವು ಅಲ್ಲ

ಪರೀಕ್ಷೆ ಬರೆಯುವ ಹುಡುಗನಿಗೆ ಬರೀ ಚಿತ್ರಾನ್ನ ಕೊಟ್ಟರೆ ಹತ್ತೂವರೆಗೆ ಹೊಟ್ಟೆ ಕರೆಯುತ್ತದೆ. ಅರ್ಧ ಕಪ್ ಹೆಸರುಬೇಳೆ ಎಂದರೆ ಸುಮಾರು 80 ಗ್ರಾಂ, ಅದರಲ್ಲಿ ಪ್ರೋಟೀನು ಹತ್ತಿರ ಹತ್ತಿರ 20 ಗ್ರಾಂ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ ಐದೇ ಗ್ರಾಂ. ಹಾಗಾಗಿ ಕೋಸಂಬರಿಯನ್ನು ಎಲೆತುದಿಗೆ ಬಡಿಸುವಷ್ಟು ಮಾಡಬೇಡಿ, ಅವನಿಗೆ ಒಂದು ಬಟ್ಟಲು ಬೇಕು. ಮೊಟ್ಟೆ ತಿನ್ನುವ ಮನೆಯಾದರೆ ಬೇಯಿಸಿದ ಒಂದು ಮೊಟ್ಟೆ, ಇಲ್ಲವಾದರೆ ಒಂದು ಲೋಟ ಹಾಲು.

ಬೆಳಗಿನ ತಿಂಡಿಗೆ ವಾರದಲ್ಲಿ ಎರಡು ದಿನ ರಾಗಿ ಅಂಬಲಿ ಇಡಿ. ರಾಗಿಯ 100 ಗ್ರಾಮಿನಲ್ಲಿ ಸುಣ್ಣದಂಶ 340 ಮಿಲಿಗ್ರಾಂ ದಾಟುತ್ತದೆ, ಧಾನ್ಯಗಳ ಪೈಕಿ ಅದಕ್ಕೆ ಸಾಟಿಯಿಲ್ಲ. ನಾಲ್ಕು ದೊಡ್ಡ ಚಮಚ ಹಿಟ್ಟನ್ನು ಮೊದಲು ಒಂದು ಕಪ್ ತಣ್ಣೀರಿನಲ್ಲಿ ಕದಡಿ, ಆಮೇಲೆ ಕುದಿಯುವ ಮೂರು ಕಪ್ ನೀರಿಗೆ ಸುರಿಯುತ್ತ ತಿರುವಿ. ಹಿಟ್ಟನ್ನು ನೇರ ಬಿಸಿನೀರಿಗೆ ಹಾಕಿದರೆ ಹೊರಮೈ ಬೆಂದು ಒಳಗೆ ಹಸಿ ಹಿಟ್ಟಿನ ಗಂಟು ಉಳಿಯುತ್ತದೆ. ಏಳೆಂಟು ನಿಮಿಷ ಬೇಯಲೇಬೇಕು, ಬಣ್ಣ ಗಾಢವಾಗಿ ಸೌಟಿಗೆ ಹೊಳಪು ಹತ್ತುವವರೆಗೆ. ರಾತ್ರಿಯೇ ಬೇಯಿಸಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಎರಡು ಕಪ್ ಮಜ್ಜಿಗೆ, ಹೆಚ್ಚಿದ ಸಣ್ಣ ಈರುಳ್ಳಿ ಬೆರೆಸಿದರೆ ಒಲೆ ಹಚ್ಚುವ ಕೆಲಸವೇ ಇಲ್ಲ. ಉತ್ತರ ಕರ್ನಾಟಕದವರಾದರೆ ಜೋಳದ ನುಚ್ಚು ಮಜ್ಜಿಗೆ, ಜೊತೆಗೆ ಶೇಂಗಾ ಚಟ್ನಿಪುಡಿ. ಗುಜ್ಜೆ, ಅಂದರೆ ಎಳೆ ಹಲಸಿನಕಾಯಿಯ ಪಲ್ಯ ಈ ಕಾಲದ ರಾಜ, ಒಪ್ಪುತ್ತೇನೆ. ಆದರೆ ಬೆಳಿಗ್ಗೆ 7ಕ್ಕೆ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಮೇಣ ಬಿಡಿಸುತ್ತ ಕೂರುವುದು ನಿಮ್ಮಿಂದಾಗದು, ಭಾನುವಾರಕ್ಕಿರಲಿ.

ನಿಮ್ಮ ಗಡಿಯಾರಕ್ಕೆ ಇದನ್ನೆಲ್ಲ ಹೊಂದಿಸುವುದು ಕಷ್ಟವಲ್ಲ. ರಾತ್ರಿ ಬೇಳೆ ನೆನೆಸಿ ಬಸಿದಿಡುವುದು, ಹಾಲಿಗೆ ಹೆಪ್ಪು ಹಾಕುವುದು, ಮಾವಿನಕಾಯಿ ತುರಿದು ಮುಚ್ಚಿಡುವುದು: ಬೇಳೆ ನೆನೆಯುವ ಹೊತ್ತು ಬಿಟ್ಟರೆ ಒಟ್ಟು ಕಾಲು ಗಂಟೆ. ವಾರಕ್ಕೊಮ್ಮೆ ಎರಡು ತೆಂಗಿನಕಾಯಿ ತುರಿದು ಒಂದೊಂದು ದಿನಕ್ಕೆ ಬೇಕಾದಷ್ಟನ್ನು ಬೇರೆ ಬೇರೆ ಪೊಟ್ಟಣ ಮಾಡಿ ಫ್ರೀಜರಿನಲ್ಲಿಡಿ. ಒಂದೇ ಡಬ್ಬಿಯಲ್ಲಿಟ್ಟು ದಿನಾ ಹೊರಗೆ ತೆಗೆದು ಒಳಗಿಟ್ಟರೆ ಮೂರನೇ ದಿನಕ್ಕೇ ಕಮಟು. ಬೆಳಿಗ್ಗೆ 7ಕ್ಕೆ ಅನ್ನ ಕುಕ್ಕರಿಗೆ, ಪಕ್ಕದ ಒಲೆಯಲ್ಲಿ ದೊಡ್ಡಪತ್ರೆ ಬಾಡಿಸಿ ಆರಲು ಬಿಡಿ, ಸೌತೆ ಹೆಚ್ಚಿ. 7:15ಕ್ಕೆ ಅನ್ನ ತಟ್ಟೆಗೆ. ಒಂದೇ ಬಾಣಲೆಯಲ್ಲಿ ಮೊದಲು ಕೋಸಂಬರಿಯ ಒಗ್ಗರಣೆ, ಆಮೇಲೆ ಚಿತ್ರಾನ್ನದ್ದು. ಮಾವನವರ ಮಧ್ಯಾಹ್ನದ ಊಟಕ್ಕೆ ತಂಬುಳಿ ರುಬ್ಬಿ ಫ್ರಿಜ್ಜಿಗೆ. ಏಳೂವರೆಗೆ ಒಲೆ ಖಾಲಿ.

ಅವರ ಬಿಪಿ ವಿಚಾರದಲ್ಲಿ, ಇಡೀ ದಿನಕ್ಕೆ ಉಪ್ಪು 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಮಚದ ಒಳಗೆ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಡುಗೆಯಲ್ಲಿ ಕಡಿಮೆ ಮಾಡಿ ಪಕ್ಕದಲ್ಲಿ ಉಪ್ಪಿನಕಾಯಿ, ಬಾಳಕದ ಮೆಣಸು, ಸಂಡಿಗೆ ಇಟ್ಟರೆ ಲೆಕ್ಕ ತಪ್ಪಿತು. ತಂಬುಳಿ, ಕೋಸಂಬರಿ ಇಲ್ಲಿ ಅನುಕೂಲ. ಉಪ್ಪು ಕೊನೆಗೆ ಬೀಳುವುದರಿಂದ ಅವರ ಪಾಲನ್ನು ಮೊದಲೇ ಎತ್ತಿಟ್ಟು ಅರ್ಧ ಉಪ್ಪು ಹಾಕಬಹುದು. ಹುಳಿ, ಇಂಗು, ಕಾಳುಮೆಣಸು ಇರುವ ಕಡೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ತಿಳಿಯದು. ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಅಂಗಡಿಯಲ್ಲಿ ಸಿಗುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕೆಲವು ಬಿಪಿ ಮಾತ್ರೆಗಳ ಜೊತೆ ಅದು ರಕ್ತದಲ್ಲಿ ಏರುತ್ತದೆ, ವೈದ್ಯರನ್ನು ಕೇಳದೆ ತರಬೇಡಿ. ರಾಮನವಮಿಯ ಪಾನಕಕ್ಕೂ ಒಂದು ಮಾತು: ಲೀಟರಿಗೆ 120 ಗ್ರಾಂ ಬೆಲ್ಲ ಸಾಕು, ಒಂದು ನಿಂಬೆಹಣ್ಣು, ಏಲಕ್ಕಿ, ಶುಂಠಿಪುಡಿ, ಮೆಣಸು. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲವೂ ಸಕ್ಕರೆಯೇ. ಅವರಿಗೆ ಮೊಸರು ಒಂದಕ್ಕೆ ನೀರು ಮೂರು ಹಾಕಿ ಕಡೆದ ನೀರುಮಜ್ಜಿಗೆ ಕೊಡಿ.

ಮನೆಯ ಹಿರಿಯರು ವಸಂತದಲ್ಲಿ ಮೊಸರು ಬೇಡ ಎಂದರೆ ತಳ್ಳಿಹಾಕಬೇಡಿ, ಆಯುರ್ವೇದದ ಋತುಚರ್ಯೆಯಲ್ಲಿ ಆ ಮಾತಿದೆ, ಕಫದ ಕಾಲ ಎಂದು. ನೀರು ಬೆರೆಸಿ ಕಡೆದು ಬೆಣ್ಣೆ ತೆಗೆದ ಮಜ್ಜಿಗೆಗೆ ಅವರ ಆಕ್ಷೇಪ ಇರುವುದಿಲ್ಲ. ಮೇಲಿನ ತಂಬುಳಿಗೆ ಬೇಕಾದದ್ದೂ ಅದೇ.

ನಿಮ್ಮ ಬೀದಿಯಲ್ಲಿ ಬೇವಿನ ಮರವಿದ್ದರೆ ಈಗ ಹೂ ಬಿಟ್ಟಿರುತ್ತದೆ. ವಾಹನ ಓಡಾಡದ ಕಡೆಯ ಮರದ ಕೆಳಗೆ ರಾತ್ರಿ ಹಳೆ ಪಂಚೆ ಹಾಸಿ, ಬೆಳಿಗ್ಗೆ ಉದುರಿದ ಹೂವನ್ನು ಕೂಡಿಸಿ. ಕಡ್ಡಿ, ಕಸ ಆರಿಸಿ ನೆರಳಲ್ಲಿ ಮೂರು ದಿನ ಒಣಗಿಸಿ ಗಾಜಿನ ಭರಣಿಗೆ ಹಾಕಿಡಿ. ಬೇಳೆಯ ತಿಳಿಸಾರಿಗೆ ಒಂದು ಚಮಚ ಹೂವನ್ನು ತುಪ್ಪದಲ್ಲಿ ಕಂದುಬಣ್ಣಕ್ಕೆ ಹುರಿದು, ಬಡಿಸುವ ಮುಂಚೆ ಮೇಲೆ ಹಾಕಿ. ಸಾರಿನ ಜೊತೆ ಕುದಿಸಿದರೆ ಇಡೀ ಪಾತ್ರೆ ಕಹಿಯಾಗುತ್ತದೆ.